ಗಣಕಕ್ಕೆ ತಾಯ್ನುಡಿ ಯಾವುದು?

‘ಮಳೆ ಬಂದರೆ ಕೊಡೆ ತಾ, ಇಲ್ಲದಿದ್ದರೆ ಬೇಡ.’ ಹೊಸಕೋಟೆ ತಾಲೂಕಿನ ಸೂಲಿಬೆಲೆಯಲ್ಲಿ ಶಾಲೆ ಮೆಟ್ಟಿಲು ಹತ್ತದ ಮಗುವಿಗೂ ಈ ಮಾತು ತಿಳಿಯುತ್ತದೆ. ಇಂಥದೇ ಆಜ್ಞೆಯನ್ನು ಗಣಕಯಂತ್ರಕ್ಕೆ ಕೊಡಬೇಕಾದರೆ ಮಾತ್ರ ‘ಇಫ್’, ‘ಎಲ್ಸ್’ ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ಗಣಕಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ನುಡಿ ಬಾರದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಈ ನಂಬಿಕೆ ನಿಜವೇ?

ನಿಜವಲ್ಲ ಎಂಬುದು ಎಪ್ಪತ್ತು ವರ್ಷಗಳ ಹಿಂದೆಯೇ ಸಿದ್ಧವಾಗಿತ್ತು. ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್ 1950ರ ದಶಕದಲ್ಲಿ ಇಂಗ್ಲಿಷ್ ಪದಗಳನ್ನು ಯಂತ್ರದ ಸಂಕೇತಗಳಾಗಿ ಮಾರ್ಪಡಿಸುವ ‘ಕಂಪೈಲರ್’ ರೂಪಿಸಿದರು. ಅದೇ ಆಜ್ಞೆಗಳನ್ನು ಫ್ರೆಂಚ್ ಹಾಗೂ ಜರ್ಮನ್ ಪದಗಳಲ್ಲಿಯೂ ಕೊಟ್ಟು ತೋರಿಸಿದಾಗ ಕಂಪನಿಯ ಅಧಿಕಾರಿಗಳು ಗಾಬರಿಗೊಂಡರಂತೆ. ಅಮೆರಿಕದ ಯಂತ್ರಕ್ಕೆ ಜರ್ಮನ್ ತಿಳಿಯುವುದೆಂದರೇನು! ಆದರೆ ಯಂತ್ರಕ್ಕೆ ಇಂಗ್ಲಿಷೂ ತಿಳಿದಿರಲಿಲ್ಲ. ಅದಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. ಉಳಿದದ್ದೆಲ್ಲ ಕಂಪೈಲರ್ ಎಂಬ ದುಭಾಷಿಯ ಕೆಲಸ.

ಈ ದುಭಾಷಿ ಕೆಲಸ ಮಾಡುವ ಬಗೆ ಕನ್ನಡ ಮೇಷ್ಟರಿಗೆ ಹೊಸದೇನಲ್ಲ. ಹಳಗನ್ನಡ ಪದ್ಯವನ್ನು ಪಾಠ ಮಾಡುವಾಗ ಅವರು ಮೊದಲು ಪದಗಳನ್ನು ಬಿಡಿಸುತ್ತಾರೆ, ಆಮೇಲೆ ಅನ್ವಯ ಮಾಡುತ್ತಾರೆ, ಕೊನೆಗೆ ಅರ್ಥ ಹೇಳುತ್ತಾರೆ. ಕಂಪೈಲರ್ ಕೂಡ ಹೀಗೆಯೇ ಪದ ಬಿಡಿಸಿ, ವ್ಯಾಕರಣದ ಸಂಬಂಧ ಹೊಂದಿಸಿ, ಯಂತ್ರಕ್ಕೆ ಒಪ್ಪುವ ರೂಪದಲ್ಲಿ ಬರೆಯುತ್ತದೆ.

ತೊಡಕು ಇದ್ದದ್ದು ಬೇರೆಡೆ. ಒಂದೊಂದು ಬಗೆಯ ಗಣಕಕ್ಕೂ ಒಂದೊಂದು ಬಗೆಯ ಸಂಕೇತ. ಹತ್ತು ಭಾಷೆ, ಐದು ಬಗೆಯ ಯಂತ್ರಗಳಿದ್ದರೆ ಐವತ್ತು ದುಭಾಷಿಗಳು ಬೇಕು. ನಡುವೆ ಎಲ್ಲರಿಗೂ ಸಮಾನವಾದ ಒಂದು ಭಾಷೆಯಿದ್ದರೆ ಹದಿನೈದು ಸಾಕು. 1958ರಲ್ಲಿ ಅಮೆರಿಕದಲ್ಲಿ ‘ಅನ್‌ಕೋಲ್’ ಎಂಬ ಹೆಸರಿನಲ್ಲಿ ಈ ಸಲಹೆ ಬಂತಾದರೂ ಅದು ಕೈಗೂಡಲಿಲ್ಲ. 1995ರಲ್ಲಿ ಬಂದ ಜಾವಾ ಇದೇ ದಾರಿಯಲ್ಲಿ ನಡೆಯಿತು. 2015ರಲ್ಲಿ ಪ್ರಕಟವಾದ ‘ವೆಬ್‌ಅಸೆಂಬ್ಲಿ’ 2017ರ ಕೊನೆಗೆ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ನೆಲೆಯೂರಿತು. 2019ರ ಡಿಸೆಂಬರಿನಲ್ಲಿ ಅಂತರಜಾಲದ ಅಧಿಕೃತ ಮಾನಕಗಳ ಸಾಲಿಗೆ ಸೇರಿತು. ಹೊಸ ಭಾಷೆ ಕಟ್ಟುವವರು ಈಗ ಅರ್ಧ ದಾರಿ ನಡೆದರೆ ಸಾಕು. ವೆಬ್‌ಅಸೆಂಬ್ಲಿಯವರೆಗೆ ತಲುಪಿಸಿದರೆ ಉಳಿದರ್ಧವನ್ನು ಬ್ರೌಸರ್ ನೋಡಿಕೊಳ್ಳುತ್ತದೆ, ಅದು ಮೊಬೈಲಿನಲ್ಲಿದ್ದರೂ ಸರಿಯೆ.

ಇಲ್ಲೊಂದು ಸೋಜಿಗವಿದೆ. ಇಂಗ್ಲಿಷಿನ ಆಜ್ಞೆಯಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ವೆಬ್‌ಅಸೆಂಬ್ಲಿಯ ಒಳಗಿನ ಕ್ರಮ ಹಾಗಲ್ಲ: ಎರಡನ್ನು ಇಡು, ಅದರ ಮೇಲೆ ಮೂರನ್ನು ಇಡು, ಕೊನೆಗೆ ಕೂಡು. ‘ಎರಡಕ್ಕೆ ಮೂರನ್ನು ಕೂಡು’ ಎನ್ನುವ ಕನ್ನಡದ ಜಾಯಮಾನವೂ ಇದೇ ಅಲ್ಲವೇ?

ಕನ್ನಡದಲ್ಲಿ ಈ ಪ್ರಯತ್ನ ನಡೆಯದೆಯೂ ಇಲ್ಲ. 1967ರಲ್ಲಿ ಸೆಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವ್ಯಾಲಿ ಫರ್ಜಿಗ್ ಮಕ್ಕಳಿಗೆಂದು ‘ಲೋಗೋ’ ಎಂಬ ಸರಳ ಭಾಷೆ ಸೃಷ್ಟಿಸಿದ್ದರು. ಮಗು ಹೇಳಿದಂತೆ ತೆರೆಯ ಮೇಲಿನ ಆಮೆ ಮುಂದೆ ಸಾಗುತ್ತದೆ, ತಿರುಗುತ್ತದೆ, ಚಿತ್ರ ಬರೆಯುತ್ತದೆ. ಇದನ್ನು ಕನ್ನಡಕ್ಕೆ ತಂದವರು ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು.ಬಿ. ಪವನಜ. ಈ ಕನ್ನಡ ಲೋಗೋ 2006ರಲ್ಲಿ ಮಂಥನ್ ಪ್ರಶಸ್ತಿಗೆ ಪಾತ್ರವಾಯಿತು. ಇನ್ನು ಅಕ್ಷರಗಳ ಮಾತಂತೂ 1991ರಲ್ಲೇ ಯುನಿಕೋಡ್‌ನಿಂದ ಬಗೆಹರಿಯತೊಡಗಿತ್ತು. ಅದರಲ್ಲಿ ನಮ್ಮ ‘ಅ’ಕಾರದ ಸಂಖ್ಯೆ 3205.

ಹಾಗಾದರೆ ಕೊರತೆ ಎಲ್ಲಿ? ‘ಇಫ್’ ಬದಲು ‘ಆದರೆ’ ಎಂದು ಬರೆದ ಮಾತ್ರಕ್ಕೆ ಭಾಷೆ ಸರಳವಾಗದು. ಮಗು ತಪ್ಪು ಬರೆದಾಗ ಎಲ್ಲಿ, ಏಕೆ ತಪ್ಪಿತೆಂದು ಗಣಕ ಕನ್ನಡದಲ್ಲಿ ತಿಳಿಹೇಳಬೇಕು. ಪಾಠದ ಪುಸ್ತಕ ಬೇಕು, ಕಲಿಸುವ ಮೇಷ್ಟರು ಬೇಕು. ಮುಂದೆ ನೌಕರಿಗೆ ಇಂಗ್ಲಿಷ್ ಬೇಕೇ ಬೇಕಲ್ಲ ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಆದರೆ ತರ್ಕವನ್ನು ಒಮ್ಮೆ ತನ್ನ ನುಡಿಯಲ್ಲಿ ಕಲಿತ ಮಗುವಿಗೆ ಆಮೇಲೆ ಕಲಿಯಲು ಉಳಿಯುವುದು ಕೆಲವು ಹತ್ತು ಇಂಗ್ಲಿಷ್ ಪದಗಳಷ್ಟೆ. ಇಂಗ್ಲಿಷೇ ಮೊದಲ ಬಾಗಿಲಾದರೆ ಎಷ್ಟೋ ಮಕ್ಕಳು ಗಣಿತ ಬಾರದೆ ಅಲ್ಲ, ಪದ ತಿಳಿಯದೆ ಹೊರಗೆ ನಿಲ್ಲುತ್ತಾರೆ.

ಯಂತ್ರಕ್ಕೆ ತಾಯ್ನುಡಿ ಇಲ್ಲ. ಮಗುವಿಗೆ ಇದೆ.