ನೆಟ್ಟಗಿನ ತೂತಿನ ಕತೆ

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘6 ಎಂಎಂ ಬಿಟ್ ಕೊಡಿ’ ಅಂದ್ರೆ ಅಂಗಡಿಯವರು ತಲೆ ಕೂಡ ಎತ್ತದೆ ಡಬ್ಬಿಯಿಂದ ಒಂದು ತೆಗೆದು ಕೊಡ್ತಾರೆ. ಮನೆಗೆ ತಂದು ಕಬ್ಬಿಣದ ಪಟ್ಟಿಯ ಮೇಲಿಟ್ಟು ಒತ್ತಿದರೆ ಹೊಳೆಯುವ ಎರಡು ಸುರುಳಿಗಳು ಮೇಲೆದ್ದು ಬರ್ತವೆ, ತೂತು 6 ಎಂಎಂಗೆ ತೀರಾ ಹತ್ತಿರ ಇರುತ್ತೆ. ದಿನವಿಡೀ ಕೀಬೋರ್ಡ್ ಕುಟ್ಟುವ ಕೈಗಳಿಂದ ಇಷ್ಟು ಆಗುತ್ತಲ್ಲ ಅನ್ನೋದೇ ಸೋಜಿಗ. ಈ ಸೋಜಿಗ ಬಿಟ್ಟಿನ ಮೈಮೇಲಿರುವ ಆ ಎರಡು ತಿರುಚು ಕಾಲುವೆಗಳದ್ದು.

ಅದಕ್ಕೂ ಮುಂಚೆ ಲೋಹ ಕೊರೆಯಲು ಇದ್ದದ್ದು ಚಪ್ಪಟೆ ಮೂತಿಯ ಬೈರಿಗೆ. ನಾನು ಚಿಕ್ಕವನಿದ್ದಾಗ ನಮ್ಮೂರ ಕುಲುಮೆಯಲ್ಲೂ ಒಂದಿತ್ತು: ಉಕ್ಕಿನ ಸರಳಿನ ತುದಿ ಕಾಯಿಸಿ, ಬಡಿದು ಅಗಲ ಮಾಡಿ, ಸಾಣೆ ಹಿಡಿದದ್ದು. ಅದು ಕೊಯ್ಯೋದಕ್ಕಿಂತ ಕೆರೆಯೋದೇ ಜಾಸ್ತಿ. ಕೆರೆದ ಪುಡಿಗೆ ಹೊರಬರುವ ದಾರಿಯಿಲ್ಲ, ಆಗಾಗ ಬೈರಿಗೆ ಎತ್ತಿ ಊದಬೇಕು. ಆಳ ಹೋದಂತೆ ಸೊಟ್ಟ ತಿರುಗುತ್ತೆ. ಸಾಲದ್ದಕ್ಕೆ ಪ್ರತಿ ಸಾಣೆಗೂ ಅಗಲ ಕಡಿಮೆಯಾಗ್ತಾ ಹೋಗುತ್ತೆ. ನಿನ್ನೆಯ ತೂತಿನ ಅಳತೆ ಇವತ್ತಿಲ್ಲ. ಆದರೂ ಆಚಾರ್ರು ಅದರಲ್ಲೇ ನೇಗಿಲಿಗೆ ಸರಿಯಾದ ತೂತು ಹಾಕ್ತಿದ್ದರು. ನಿಖರತೆ ಉಪಕರಣದಲ್ಲಿ ಇರಲಿಲ್ಲ, ಅವರ ಮಣಿಕಟ್ಟಿನಲ್ಲಿತ್ತು.

ಅದು ಮಣಿಕಟ್ಟಿನಿಂದ ಬಿಟ್ಟಿಗೆ ಜಾರಿದ್ದರಲ್ಲಿ ಯುದ್ಧದ ಪಾಲು ದೊಡ್ಡದು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯ್ತು. ರೋಡ್ ಐಲೆಂಡಿನ ಪ್ರಾವಿಡೆನ್ಸ್ ಟೂಲ್ ಕಂಪನಿ ಸೈನ್ಯಕ್ಕೆ ಕೋವಿ ಮಾಡುತ್ತಿತ್ತು. ಮಲೆನಾಡಿನವರಿಗೆ ಕೇಪಿನ ಕೋವಿ ಗೊತ್ತಲ್ಲ, ಅದೇ ಜಾತಿಯದ್ದು. ಕೇಪು ಕೂರಿಸುವ ಪುಟ್ಟ ಮೊಳೆಯ ನಡುವೆ ಕಿಡಿ ಹಾಯಲು ಸಣ್ಣ ತೂತು ಬೇಕು. ಒಂದು ಕೋವಿಗೆ ಒಂದೇ ತೂತು, ಆದರೆ ಕೋವಿಗಳು ಸಾವಿರಾರು. ಸುರುಳಿ ಬಿಟ್ ಆಗಲೇ ಇತ್ತು, ಆದರೆ ಅದನ್ನು ಮಾಡುತ್ತಿದ್ದ ರೀತಿ ನೋಡಿ: ಕೆಲಸಗಾರರು ಉಕ್ಕಿನ ಕಡ್ಡಿಯ ಮೇಲೆ ದುಂಡು ಅರ ಹಿಡಿದು ಎರಡೂ ಕಾಲುವೆಗಳನ್ನು ಕೈಯಲ್ಲೇ ಉಜ್ಜುತ್ತಿದ್ದರು. ತೂತು ಕೊರೆಯುವುದಕ್ಕಿಂತ ಬಿಟ್ ಮಾಡುವುದೇ ದುಬಾರಿ.

ಅಲ್ಲಿನ ಮೇಲ್ವಿಚಾರಕ ಫ್ರೆಡರಿಕ್ ಹೋ ಇದನ್ನು ಅದೇ ಊರಿನ ಜೋಸೆಫ್ ಬ್ರೌನ್ ಮುಂದೆ ಇಟ್ಟ. ಬ್ರೌನ್ ಅಂಡ್ ಶಾರ್ಪ್ ಕಂಪನಿಯ ಬ್ರೌನ್. ಕೇಳಿದ್ದು ಬಿಟ್ಟಿನ ಕಾಲುವೆ ಕೊಯ್ಯುವ ಯಂತ್ರ. ಬ್ರೌನ್ ಕೊಟ್ಟದ್ದು ಸುರುಳಿ, ಗೇರ್ ಹಲ್ಲು, ಹೀಗೆ ಹಲವು ಆಕಾರ ಕೊಯ್ಯಬಲ್ಲ ಯೂನಿವರ್ಸಲ್ ಮಿಲ್ಲಿಂಗ್ ಮೆಷಿನ್. ನಮ್ಮ ಆಫೀಸಲ್ಲಿ ಒಂದು ಟಿಕೆಟ್ಟಿಗೆ ಹೀಗೆ ಇಡೀ ಪ್ಲಾಟ್‌ಫಾರಂ ಕಟ್ಟಿಟ್ಟರೆ ‘ಓವರ್ ಇಂಜಿನಿಯರಿಂಗ್’ ಅಂತ ರಿವ್ಯೂನಲ್ಲಿ ಉಗೀತಾರೆ! ಮೊದಲ ಯಂತ್ರ 1862ರ ಮಾರ್ಚಿನಲ್ಲಿ ಮಾರಾಟವಾಯ್ತು. ಅದರ ಮರಿಮಕ್ಕಳು ಇವತ್ತು ಪೀಣ್ಯದಲ್ಲೂ ಓಡ್ತಿವೆ.

ಮರುವರ್ಷವೇ, 1863ರಲ್ಲಿ, ಮ್ಯಾಸಚೂಸೆಟ್ಸಿನ ಸ್ಟೀಫನ್ ಮೋರ್ಸ್ ತನ್ನ ಟ್ವಿಸ್ಟ್ ಡ್ರಿಲ್ಲಿಗೆ ಪೇಟೆಂಟ್ ಪಡೆದ. 1864ರಲ್ಲಿ, ತಿಮಿಂಗಿಲ ಬೇಟೆಗೆ ಹೆಸರಾದ ನ್ಯೂ ಬೆಡ್‌ಫರ್ಡ್ ಊರಲ್ಲಿ ಕಂಪನಿ ಶುರುವಾಯ್ತು. ಬಿಇ ವರ್ಕ್‌ಶಾಪಿನಲ್ಲಿ ‘ಮೋರ್ಸ್ ಟೇಪರ್’ ಅಂತ ಉರು ಹೊಡೆದಿರ್ತೀರಲ್ಲ, ಅದೇ ಮೋರ್ಸ್. ಈ ಬಿಟ್ಟಿನ ಮೈ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಳತೆ, ಹಾಗಾಗಿ ಎಷ್ಟು ಸಾಣೆ ಹಿಡಿದರೂ ತೂತಿನ ಅಳತೆ ಉಳಿಯುತ್ತೆ. ಕಾಲುವೆ ಚೂರನ್ನು ಮೇಲೆ ಸಾಗಿಸುತ್ತೆ. ತೂತಿನ ಗೋಡೆಗೆ ಒರಗುವ ಅಂಚು ದಾರಿ ತಪ್ಪದಂತೆ ಹಿಡಿಯುತ್ತೆ.

ಉಳಿದದ್ದು ಬೇಗ ಬೇಗ ಆಯ್ತು. 1895ರಲ್ಲಿ ಜರ್ಮನಿಯ ಫೈನ್ ಕಂಪನಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಮಾಡಿತು. ಹೆಚ್ಚುಕಡಿಮೆ 1900ರ ಹೊತ್ತಿಗೆ ಟೇಲರ್ ಮತ್ತು ವೈಟ್ ಕೆಂಪಗೆ ಕಾದರೂ ಮೊನೆ ಕಳೆದುಕೊಳ್ಳದ ಉಕ್ಕು ಹದ ಮಾಡಿದರು. ನಿಮ್ಮ ಬಿಟ್ಟಿನ ಬುಡದಲ್ಲಿರುವ ‘ಎಚ್‌ಎಸ್‌ಎಸ್’ ಅಕ್ಷರಗಳು ಆ ವಂಶದ್ದು. ಪಿಸ್ತೂಲಿನಂಥ ಹಿಡಿ, ಬೆರಳಲ್ಲಿ ಒತ್ತುವ ಸ್ವಿಚ್ಚಿಗೆ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆಯಿತು. ಕೋವಿಗಾಗಿ ಬೆಳೆದ ಬಿಟ್ಟು ಕೊನೆಗೆ ಕೋವಿಯ ಆಕಾರದ ಯಂತ್ರಕ್ಕೇ ಸೇರಿಕೊಂಡಿತು ನೋಡಿ.

ದುಂಡು ಅರ ಹಿಡಿದು ಉಜ್ಜುತ್ತಿದ್ದವರ ಹೆಸರು ಈ ಕತೆಯಲ್ಲಿ ಬರಲ್ಲ. ನಮ್ಮೂರ ಕುಲುಮೆಯೂ ಆರಿದೆ, ಅಲ್ಲೀಗ ಮೊಬೈಲ್ ಅಂಗಡಿ. ಕೈಚಳಕ ಹೋಯ್ತು ಅಂತ ಕಣ್ಣೀರು ಹಾಕುವವರ ಜೊತೆ ನಾನಿಲ್ಲ. ಆ ಚಳಕ ಕಲಿಯಲು ಕುಲುಮೆಯಲ್ಲೇ ಹುಟ್ಟಬೇಕಿತ್ತು. ಬಿಟ್ಟು ಯಾರು ಬಂದರೂ ಕೊರೆದು ಕೊಡುತ್ತೆ, ಜಾತಿ ಕೇಳಲ್ಲ.

ಹಾಗಂತ ಕೈಗೆ ಪೂರ್ತಿ ರಜೆ ಸಿಕ್ಕಿಲ್ಲ. ಮಾಮೂಲಿ ಬಿಟ್ಟಿನ ಮೂತಿಯ ನಟ್ಟನಡುವೆ ಒಂದು ಪುಟ್ಟ ಗೆರೆ ಇರುತ್ತೆ. ಅದು ಕೊಯ್ಯಲ್ಲ, ಲೋಹವನ್ನು ಒತ್ತುತ್ತೆ ಅಷ್ಟೆ. ನುಣುಪಾದ ಪಟ್ಟಿಯ ಮೇಲೆ ಸೀದಾ ಇಟ್ಟರೆ ಜಾರಿ ಅಲೆಯುತ್ತೆ. ಅದಕ್ಕೇ ಗೆರೆ ಎಳೆದು, ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಲ್ಲಿ ಒಂದು ಗುಳಿ ಹಾಕೋದು. 10 ಎಂಎಂ ತೂತಿಗೆ ಮೊದಲು 3 ಎಂಎಂ ಕೊರೆಯೋದು. ಒಂದೆರಡು ಹನಿ ಎಣ್ಣೆ ಬಿಡೋದು. ತೆಳು ತಗಡಾದರೆ ಕೆಳಗೊಂದು ಮರದ ತುಂಡು ಕೊಟ್ಟು ಬಿಗಿಯಾಗಿ ಕಟ್ಟಿ. ಇಲ್ಲಾಂದ್ರೆ ತೂತು ದುಂಡಗೆ ಬರದೆ ಮೂರು ಮೂಲೆಯಾಗಿ ಬರುತ್ತೆ.