ಅಳತೆಗೆ ಸಿಕ್ಕಿದ ಅಥಣಿ ಚಪ್ಪಲಿ

ಕೊಲ್ಲಾಪುರಕ್ಕೆ ಹೋದವರು ಮಹಾಲಕ್ಷ್ಮಿಯ ದರ್ಶನ ಮುಗಿಸಿ, ಗುಡಿಯ ಸುತ್ತಲಿನ ಪೇಟೆಯಲ್ಲಿ ಚೌಕಾಸಿ ಮಾಡಿ ಒಂದು ಜೊತೆ ಚಪ್ಪಲಿ ಕೊಂಡು ಬರುವುದು ವಾಡಿಕೆ. ಆ ಜೊತೆ ಅಥಣಿಯಲ್ಲೋ ಮದಭಾವಿಯಲ್ಲೋ ನಿಪ್ಪಾಣಿಯಲ್ಲೋ ಹೊಲಿದದ್ದಾಗಿರಬಹುದು ಎಂಬ ಸಂಗತಿ ಕೊಂಡವರಿಗೆ ತಿಳಿದಿರುವುದು ಅಪರೂಪ. ಇದರಲ್ಲಿ ಮೋಸವೇನೂ ಇಲ್ಲ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯವರಿಗೆ ಕೊಲ್ಲಾಪುರ, ಮಿರಜ, ಸಾಂಗ್ಲಿಗಳೇ ಹತ್ತಿರದ ಪೇಟೆಗಳು. ಹೊಲಿದ ಊರಿನ ಬದಲು ಮಾರಿದ ಊರಿನ ಹೆಸರು ಸರಕಿಗೆ ಅಂಟಿಕೊಂಡಿತು.

ಚಪ್ಪಲಿ ಮಾಡುವವರು ಮೂರು ಸಮಸ್ಯೆಗಳನ್ನು ಬಗೆಹರಿಸಿಕೊಳ್ಳಬೇಕು. ತೊಗಲು ಕೊಳೆಯಬಾರದು, ಪಾದಕ್ಕೆ ಗಾಯವಾಗಬಾರದು, ಅಳತೆ ತಪ್ಪಬಾರದು. ಈ ಭಾಗದ ಕುಶಲಕರ್ಮಿಗಳು ಇವನ್ನು ಕೈ ಮತ್ತು ಕಣ್ಣಿನ ಅಂದಾಜಿನಿಂದಲೇ ನಿಭಾಯಿಸುತ್ತ ಬಂದವರು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಇವೇ ಮೂರು ಸಮಸ್ಯೆಗಳು ಪರಿಸರ ವಿಜ್ಞಾನ, ವೈದ್ಯಶಾಸ್ತ್ರ ಮತ್ತು ಗಣಕ ವಿಜ್ಞಾನಗಳ ಸಂಶೋಧನೆಗೆ ವಸ್ತುವಾದವು. ಪ್ರಯೋಗಾಲಯದಲ್ಲಿ ತಿಳಿದದ್ದರಲ್ಲಿ ಎಷ್ಟು ಅಥಣಿಯ ಮನೆಗಳಿಗೆ ತಿರುಗಿ ಬಂತು ಎಂಬುದು ಈ ಚರಿತ್ರೆಯ ಮುಖ್ಯ ಪ್ರಶ್ನೆ.

ಮೊದಲು ಕಸುಬಿನ ಮಾತು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ಹದ ಮಾಡುತ್ತಾರೆ. ಹಳೆಯ ಕ್ರಮದಲ್ಲಿ ತೊಗಲನ್ನೇ ಚೀಲದಂತೆ ಹೊಲಿದು ತೂಗುಹಾಕಿ ಅದರೊಳಗೆ ರಸ ತುಂಬುತ್ತಿದ್ದರು. ಕೆಲಸ ಮುಗಿಯಲು ವಾರಗಟ್ಟಲೆ ಬೇಕು. ಹದ ಮಾಡುವವರು ಢೋರ ಸಮಾಜದವರು, ಹೊಲಿಯುವವರು ಸಮಗಾರರು. ಅಟ್ಟೆ ಕತ್ತರಿಸಿ ಕೂಡಿಸುವುದು ಗಂಡಸರ ಕೆಲಸವಾದರೆ ಮೇಲಿನ ಪಟ್ಟಿ, ಜಡೆಯಂಥ ಹೆಣಿಗೆ, ನಾಜೂಕಿನ ಹೊಲಿಗೆ ಹೆಂಗಸರದು. ಮೊಳೆ ಹೊಡೆಯುವುದಿಲ್ಲ, ಅಟ್ಟೆಯನ್ನು ಹೊಲಿಯುವ ದಾರವೂ ತೊಗಲಿನದೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಢೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇಬ್ಬರೂ ಶರಣರ ಸಾಲಿನಲ್ಲಿ ಕುಳಿತಿದ್ದರು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆ ಉತ್ತರ ಕರ್ನಾಟಕದಲ್ಲಿ ಮನೆಮಾತು. ಕಥೆಯನ್ನು ಭಕ್ತಿಯಿಂದ ಕೇಳಿದ ಊರುಗಳೇ ಕಸುಬಿನವರನ್ನು ಊರಾಚೆ ಇಟ್ಟವು ಎಂಬುದನ್ನೂ ಮರೆಯಬಾರದು.

ಸಂಶೋಧನೆಯ ಕಥೆ ಆರಂಭವಾಗುವುದು ಮದರಾಸಿನಲ್ಲಿ. ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಅಲ್ಲಿ ಸ್ಥಾಪನೆಯಾದದ್ದು 1948ರಲ್ಲಿ. ತೊಗಲೆಂದರೆ ಮುಖ್ಯವಾಗಿ ಕೊಲಾಜನ್ ಎಂಬ ಪ್ರೋಟೀನು. ಜಾಲಿ, ಅಳಲೆಗಳಲ್ಲಿರುವ ಟ್ಯಾನಿನ್ ಈ ಪ್ರೋಟೀನಿನ ಎಳೆಗಳಿಗೆ ಅಂಟಿಕೊಂಡು, ನೀರನ್ನು ಹೊರದೂಡಿ, ಕೊಳೆಯುವುದನ್ನು ತಡೆಯುತ್ತದೆ. ಕೊಲಾಜನ್ನಿನ ಒಳರಚನೆ ಹೇಗಿದೆ ಎಂಬುದು ಆಗ ಜಗತ್ತಿನ ವಿಜ್ಞಾನಿಗಳನ್ನು ಕಾಡುತ್ತಿದ್ದ ಒಗಟು. ಅದನ್ನು ಬಿಡಿಸಿದವರು ಮದರಾಸು ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ಅದಕ್ಕೆ ಬೇಕಾದ ಮಾದರಿ, ಕಾಂಗರೂ ಬಾಲದ ಸ್ನಾಯುರಜ್ಜು, ಸಿಕ್ಕಿದ್ದು ನೆರೆಯ ಚರ್ಮ ಸಂಶೋಧನಾ ಸಂಸ್ಥೆಯಿಂದಲೇ! ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡಿರುವ ರಚನೆಯನ್ನು ಅವರು 1954-55ರಲ್ಲಿ ಮುಂದಿಟ್ಟರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. ಇದೇ ಕೊಲಾಜನ್ನಿನಿಂದ ಸುಟ್ಟ ಗಾಯಕ್ಕೆ ಹೊದಿಸುವ ಹಾಳೆಯನ್ನು ಚರ್ಮ ಸಂಸ್ಥೆ ರೂಪಿಸಿತು. ಅಥಣಿಯ ಹದದ ಗುಂಡಿಗೆ ಇದರಿಂದ ನೇರವಾಗಿ ಬಂದದ್ದೇನೂ ಇಲ್ಲ.

ಪರಿಸರದ ಪ್ರಶ್ನೆ ಹಾಗಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನ ಬಂದ ಮೇಲೆ ವಾರಗಳ ಕೆಲಸ ದಿನಗಳಲ್ಲಿ ಮುಗಿಯತೊಡಗಿತು. ಮೆತ್ತಗಿನ, ಬಿಸಿನೀರಿಗೂ ಜಗ್ಗದ ಚರ್ಮ ಸಿಕ್ಕಿತು. ಜಗತ್ತಿನ ಬಹುಪಾಲು ಚರ್ಮೋದ್ಯಮ ಅದನ್ನೇ ಹಿಡಿಯಿತು. ಅದರ ಬೆಲೆ ತೆತ್ತದ್ದು ತಮಿಳುನಾಡಿನ ಪಾಲಾರ್ ನದಿಯ ದಂಡೆ. ಅಲ್ಲಿನ ಚರ್ಮದ ಕಾರ್ಖಾನೆಗಳ ಕೊಳಚೆಯ ವಿರುದ್ಧ ವೆಲ್ಲೂರಿನ ನಾಗರಿಕರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಆಗಸ್ಟ್ 28ರಂದು ತೀರ್ಪು ನೀಡಿತು. ಸುಮಾರು 35,000 ಹೆಕ್ಟೇರ್ ಬೇಸಾಯದ ನೆಲ ಪೂರ್ತಿಯಾಗಿಯೋ ಭಾಗಶಃವಾಗಿಯೋ ಕೆಟ್ಟಿದೆ ಎಂಬ ಕೃಷಿ ವಿಶ್ವವಿದ್ಯಾಲಯದ ಸಮೀಕ್ಷೆ ತೀರ್ಪಿನಲ್ಲಿ ಉಲ್ಲೇಖವಾಗಿದೆ. ಇದಕ್ಕೂ ಮೊದಲೇ, 1989ರಲ್ಲಿ, ಚರ್ಮಕ್ಕೆ ಬೂಷ್ಟು ಹಿಡಿಯದಂತೆ ಬಳಸುತ್ತಿದ್ದ ಪೆಂಟಾಕ್ಲೋರೋಫಿನಾಲನ್ನು ಜರ್ಮನಿ ನಿಷೇಧಿಸಿತ್ತು. ಕೆಲವು ಆಜೋ ಬಣ್ಣಗಳ ಸರದಿ 1994ರಲ್ಲಿ ಬಂತು. ಯೂರೋಪಿನ ಒಕ್ಕೂಟ 2015ರಿಂದ ಚರ್ಮದ ಸರಕಿನಲ್ಲಿ ಆರನೆಯ ವೇಲೆನ್ಸಿಯ ಕ್ರೋಮಿಯಂ ಒಂದು ಕಿಲೋಗೆ 3 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿತು.

ಹೀಗೆ, ಹಿಂದುಳಿದದ್ದೆಂದು ತಳ್ಳಿಹಾಕಿದ್ದ ಜಾಲಿ-ಅಳಲೆಯ ಹದಕ್ಕೆ ಇದ್ದಕ್ಕಿದ್ದಂತೆ ಮರ್ಯಾದೆ ಬಂತು. ಸಸ್ಯದ ಹದವೆಂದರೆ ಮಾಲಿನ್ಯವೇ ಇಲ್ಲ ಎಂದು ಜಾಹೀರಾತುಗಳು ಹೇಳುವುದು ಮಾತ್ರ ಅತಿಶಯ. ಸುಣ್ಣದ ನೀರು, ಕಡುಗಂದು ತೊಗಟೆಯ ರಸ ಹಳ್ಳಕ್ಕೆ ಸೇರಿದರೆ ಅಲ್ಲಿನ ಆಮ್ಲಜನಕ ಇಳಿಯುತ್ತದೆ. ಆದರೆ ಅದರಲ್ಲಿ ಕ್ರೋಮಿಯಂ ಇಲ್ಲ.

ವೈದ್ಯರ ತೀರ್ಪು ಮಿಶ್ರವಾದದ್ದು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಕುಷ್ಠರೋಗಿಗಳ ಪಾದದ ಹುಣ್ಣಿಗೆ ರೋಗಾಣುಗಿಂತ ಹೆಚ್ಚಾಗಿ ಸ್ಪರ್ಶಜ್ಞಾನವಿಲ್ಲದ ಪಾದದ ಮೇಲೆ ಬೀಳುವ ಒತ್ತಡವೇ ಕಾರಣವೆಂದು ತೋರಿಸಿಕೊಟ್ಟರು. ಒತ್ತಡವನ್ನು ಹಂಚುವ ಮೆತ್ತನೆಯ ರಬ್ಬರಿನ ಪಾದರಕ್ಷೆಗಳು ಆ ಚಿಂತನೆಯ ಫಲ. ಅದೇ ತತ್ತ್ವ ಮುಂದೆ ಮಧುಮೇಹಿಗಳ ನೆರವಿಗೆ ಬಂತು. ಚೆನ್ನೈನ ಮಧುಮೇಹ ತಜ್ಞರು ಮತ್ತು ಚರ್ಮ ಸಂಸ್ಥೆಯ ವಿಜ್ಞಾನಿಗಳು ಕೂಡಿ ಮರಗಟ್ಟಿದ ಪಾದಗಳಿಗೆ ಬೇರೆ ಬೇರೆ ಒಳಹಾಸುಗಳ ಚಪ್ಪಲಿ ತೊಡಿಸಿ ನೋಡಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಚಪ್ಪಲಿ ತೊಟ್ಟವರಲ್ಲಿ ಹೊಸ ಹುಣ್ಣು ಕಾಣಿಸಿಕೊಂಡದ್ದು ಬಹಳ ಕಡಿಮೆ. ಈ ಕಣ್ಣಿನಿಂದ ನೋಡಿದರೆ, ಗಟ್ಟಿ ಅಟ್ಟೆಯ, ಹೆಬ್ಬೆರಳಿನ ಉಂಗುರದ ಅಥಣಿ ಚಪ್ಪಲಿ ಸ್ಪರ್ಶ ಕಳೆದುಕೊಂಡ ಪಾದಕ್ಕೆ ತಕ್ಕದ್ದಲ್ಲ. ಆರೋಗ್ಯವಂತರಿಗೆ ಅದು ದಿನಗಳೆದಂತೆ ಪಾದದ ಆಕಾರಕ್ಕೆ ಒಗ್ಗುವ ಗುಣದ್ದು. ಕಚ್ಚುವ ಮೊದಲ ವಾರವನ್ನು ಎಣ್ಣೆ ಹಚ್ಚಿ ದಾಟಬೇಕು, ಅಷ್ಟೆ.

ಅಥಣಿಯನ್ನು ನಿಜವಾಗಿ ಮುಟ್ಟಿದ್ದು ಅಳತೆಯ ಪ್ರಶ್ನೆ. ಗಿರಾಕಿ ಎದುರಿಗೆ ನಿಂತಾಗ ಅವನ ಪಾದವೇ ಅಳತೆ. ದೂರದೇಶದ ಅಂಗಡಿಗೆ ಕಳಿಸುವಾಗ ಹಾಗಾಗದು. ಏಳನೆಯ ನಂಬರಿನ ನೂರು ಜೊತೆಗಳೂ ಒಂದೇ ಉದ್ದ ಇರಬೇಕು. ಇಂಗ್ಲಿಷರ ನಂಬರು ಅಂಗುಲದ ಮೂರನೆಯ ಒಂದು ಭಾಗದಷ್ಟು ಏರುತ್ತದೆ, ಯೂರೋಪಿನದು ಸೆಂಟಿಮೀಟರಿನ ಮೂರನೆಯ ಎರಡು ಭಾಗದಷ್ಟು. ಪಾದದಚ್ಚು ಇಲ್ಲದೆ ಕೈಯಲ್ಲೇ ಹೊಲಿಯುವವರಿಗೆ ಇದು ಹೊಸ ವ್ಯಾಕರಣ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1990ರ ದಶಕದಲ್ಲಿ ನಡೆದ ರಾಷ್ಟ್ರೀಯ ಚರ್ಮ ಅಭಿವೃದ್ಧಿ ಯೋಜನೆಯಡಿ ಬೆಂಗಳೂರಿನ ಅಸೆಂಟ್ ಸಂಸ್ಥೆ ಅಥಣಿಗೆ ಬಂದದ್ದು ಇಂಥ ತೊಡಕುಗಳನ್ನು ಬಿಡಿಸಲು. ಅಲ್ಲಿಯವರೆಗೆ ಮನೆಯ ಕೆಲಸದ ಜೊತೆಗೆ ಕೂಲಿಯಿಲ್ಲದೆ ಹೆಣಿಗೆ ಹಾಕುತ್ತಿದ್ದ ಹೆಂಗಸರು ಸ್ವಸಹಾಯ ಗುಂಪುಗಳ ಸದಸ್ಯೆಯರಾದರು. ಅಳತೆ, ಬಣ್ಣ, ವಿನ್ಯಾಸಗಳ ತರಬೇತಿ ನಡೆಯಿತು. ‘ಟೋಹೋಲ್ಡ್’ ಎಂಬ ಹೆಸರಿನಲ್ಲಿ ಅವರ ಚಪ್ಪಲಿಗಳು ವಿದೇಶಕ್ಕೂ ಹೋದವು. ಇಡೀ ಚರಿತ್ರೆಯಲ್ಲಿ ಪರಿಣತರ ಜ್ಞಾನ ಹೊಲಿಯುವವರ ಹೊಸ್ತಿಲು ದಾಟಿ ಒಳಬಂದ ಗಟ್ಟಿ ಉದಾಹರಣೆ ಇದೇ.

ಮುಂದೆ ಗಣಕಯಂತ್ರವೇ ಪಾದ ಅಳೆಯಹೊರಟಿತು. ಚರ್ಮ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ 1,01,880 ಜನರ ಪಾದಗಳನ್ನು ಮೂರು ಆಯಾಮದ ಸ್ಕ್ಯಾನರುಗಳಿಂದ ಅಳೆಯಿತು. ಭಾರತೀಯರ ಪಾದ ಯೂರೋಪಿನವರದಕ್ಕಿಂತ ಅಗಲ. ಹುಡುಗಿಯರ ಪಾದದ ಬೆಳವಣಿಗೆ ಹನ್ನೊಂದರ ಸುಮಾರಿಗೆ, ಹುಡುಗರದು ಹದಿನೈದು-ಹದಿನಾರರ ಸುಮಾರಿಗೆ ತುದಿ ಮುಟ್ಟುತ್ತದೆ ಎಂದು ಕಂಡುಬಂತು. ಐದು ಬಗೆಯ ಅಳತೆಪಟ್ಟಿ ಬೇಕಾಗಬಹುದೆಂದು ಹೊರಟವರಿಗೆ ಒಂದೇ ಸಾಕೆನಿಸಿತು. ಅದಕ್ಕೆ ‘ಭಾ’ ಎಂದು ಹೆಸರಿಟ್ಟು ಎಂಟು ಅಳತೆಗಳನ್ನು ಸೂಚಿಸಿದರು. ಅಗಲ ಪಾದದ ವಿಷಯ ಸಮಗಾರರಿಗೆ ಸ್ಕ್ಯಾನರಿನಿಂದ ತಿಳಿಯಬೇಕಾಗಿರಲಿಲ್ಲ!

ಹೆಸರಿನ ಹಕ್ಕು ಸ್ವಲ್ಪ ತಡವಾಗಿ ದೊರೆಯಿತು. ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕ ಸುದ್ದಿ 2019ರಲ್ಲಿ ಬಂದಾಗ ಅದರ ವ್ಯಾಪ್ತಿಯಲ್ಲಿ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇದ್ದವು. ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಮ್ ಎರಡೂ ನಿಗಮಗಳು ಅದರ ಒಡೆತನ ಪಡೆದವು. ಇಟಲಿಯ ಪ್ರಾಡಾ ಕಂಪನಿ 2025ರ ಜೂನ್‌ನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿಯನ್ನು ಮೂಲ ಹೇಳದೆ ಮೆರೆಸಿ ಟೀಕೆಗೆ ಗುರಿಯಾಯಿತು. ಬಳಿಕ ಭಾರತದ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಂಡು, ಡಿಸೆಂಬರಿನಲ್ಲಿ ಎರಡೂ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳಲ್ಲಿ 2,000 ಜೊತೆ ತಯಾರಿಸಿ, ಜೊತೆಗೆ ಸುಮಾರು 800 ಯೂರೋದಂತೆ ಮಾರುವ ಯೋಜನೆ ಅದು.

ಆ ಸಾವಿರಾರು ಜೊತೆಗಳಿಗೆ ತೊಗಲು ಬೇಕು. ಮಹಾರಾಷ್ಟ್ರದ 2015ರ ಕಾನೂನು, ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾನೂನುಗಳ ನಂತರ ಎತ್ತು-ಹೋರಿಗಳ ವಧೆಗೆ ಅವಕಾಶವಿಲ್ಲ. ಕರ್ನಾಟಕದಲ್ಲಿ ಎಮ್ಮೆ-ಕೋಣಕ್ಕೂ 13 ವರ್ಷ ಮೀರಿರಬೇಕು. ಸತ್ತ ದನದ ತೊಗಲಿಗೆ ಅಡ್ಡಿಯಿಲ್ಲವಾದರೂ ಅದನ್ನು ಗಾಡಿಯಲ್ಲಿ ಸಾಗಿಸುವವರಿಗೆ ದಾರಿಯ ಭಯ ತಪ್ಪಿದ್ದಲ್ಲ. ಹದ ಮಾಡಿದ ತೊಗಲನ್ನು ಹೊರಗಿನಿಂದ ತರಿಸಿಕೊಂಡರೆ ಚಪ್ಪಲಿ ಹೊಲಿಯಬಹುದು. ಜಾಲಿ ತೊಗಟೆ ಕುಟ್ಟಿ, ಅಳಲೆ ನೆನೆಹಾಕಿ, ಚೀಲ ತೂಗುಹಾಕುವ ಢೋರರ ಕೆಲಸಕ್ಕೆ ಮಾತ್ರ ಹಸಿ ತೊಗಲೇ ಬೇಕು.