ಜೀರುಂಡೆಗೂ ಒಂದು ತುತ್ತು

ಮನೆಯಿಂದ ಹುಳುಹುಪ್ಪಟೆ ಓಡಿಸುವುದರಲ್ಲೇ ಹೆಂಗಸರಾದ ನಮ್ಮ ಅರ್ಧ ಆಯುಷ್ಯ ಮುಗಿಯುತ್ತದೆ. ಅಕ್ಕಿಯಲ್ಲಿ ನುಸಿ, ಬಚ್ಚಲಲ್ಲಿ ಜಿರಲೆ. ಅಂಥದ್ದರಲ್ಲಿ ಹುಳುವನ್ನೇ ಸಾಕಿ, ಹೊತ್ತುಹೊತ್ತಿಗೆ ಊಟ ಹಾಕುವವರಿದ್ದಾರೆಂದರೆ ನಗು ಬರುವುದಿಲ್ಲವೇ? ನನಗೂ ಬಂತು. ಆದರೆ ಇದರ ಚರಿತ್ರೆ ಓದುತ್ತ ಹೋದಂತೆ ನಗು ನಿಂತು ಬೇರೆ ಯೋಚನೆ ಹತ್ತಿತು.

ನಾನು ಹೇಳುತ್ತಿರುವುದು ಇಂಗ್ಲಿಷಿನವರು 'ಕ್ರಿಕೆಟ್' ಎನ್ನುವ ಹುಳುವಿನ ಮಾತು. ರಾತ್ರಿ ಸೌದೆ ಒಟ್ಟಿದ ಮೂಲೆಯಿಂದ ಕಿರ್ರೆನ್ನುತ್ತದಲ್ಲ, ಅದು. ನಮ್ಮ ಕಡೆ ಹಾಗೆ ಸದ್ದು ಮಾಡುವುದೆಲ್ಲ ಜೀರುಂಡೆಯೇ; ಇಲ್ಲಿಯೂ ಹಾಗೇ ಕರೆಯುತ್ತೇನೆ.

ಇದನ್ನು ಮುದ್ದಿನಿಂದ ಸಾಕಿದ ಹಳೆಯ ಕಥೆ ಚೀನಾದ್ದು. ಟಾಂಗ್ ಅರಸರ ಕಾಲದಲ್ಲಿ, ಅಂದರೆ 8ನೇ ಶತಮಾನದಲ್ಲಿ, ಶರತ್ಕಾಲ ಬಂತೆಂದರೆ ಅಂತಃಪುರದ ಹೆಂಗಸರು ಜೀರುಂಡೆ ಹಿಡಿದು ಪುಟ್ಟ ಚಿನ್ನದ ಪಂಜರದಲ್ಲಿಟ್ಟು, ರಾತ್ರಿ ದಿಂಬಿನ ಪಕ್ಕ ಇರಿಸಿಕೊಂಡು ಹಾಡು ಕೇಳುತ್ತಿದ್ದರಂತೆ. 10ನೇ ಶತಮಾನದ ಲೇಖಕ ವಾಂಗ್ ರೆನ್‌ಯು ಇದನ್ನು ಬರೆದಿಟ್ಟಿದ್ದಾನೆ. ಹಾಡುವುದು ಗಂಡುಹುಳು ಮಾತ್ರ, ಅದೂ ರೆಕ್ಕೆಗೆ ರೆಕ್ಕೆ ಉಜ್ಜಿ. ಅರಮನೆಯ ಗೋಡೆ ದಾಟಲಾಗದವರು ಪಂಜರದ ಹುಳುವನ್ನು ದಿಂಬಿನ ಬಳಿ ಇಟ್ಟುಕೊಂಡದ್ದೇಕೆಂದು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಅದೇ ಹುಳು ಕಾಳಗದ ಜೂಜಿಗೂ ಬಂತು. 13ನೇ ಶತಮಾನದ ಮಂತ್ರಿ ಜಿಯಾ ಸಿದಾವ್ ಹೆಸರಿನಲ್ಲಿ ಜೀರುಂಡೆಯ ಬಗ್ಗೆಯೇ ಒಂದು ಗ್ರಂಥವಿದೆ. ಮಂಗೋಲರು ರಾಜ್ಯದ ಮೇಲೆ ಬಿದ್ದಾಗಲೂ ಈತ ಹುಳುಗಳ ಕಾಳಗದಲ್ಲಿ ಮೈಮರೆತಿದ್ದನೆಂಬ ಅಪವಾದವೂ ಅಂಟಿಕೊಂಡಿದೆ. 1276ರಲ್ಲಿ ರಾಜಧಾನಿಯೇ ಕೈಬಿಟ್ಟಿತು.

ಷಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನ ವಿದ್ವಾಂಸ ಬರ್ತೋಲ್ಡ್ ಲಾಫರ್ 1927ರಲ್ಲಿ ಚೀನೀಯರ ಈ ಆರೈಕೆಯನ್ನು ವಿವರವಾಗಿ ಬರೆದ. ಬೇಸಿಗೆಯಲ್ಲಿ ಸೌತೆಕಾಯಿ, ಸೊಪ್ಪು. ಚಳಿಗಾಲದಲ್ಲಿ ಸೋರೆಬುರುಡೆಯೊಳಗೆ ವಾಸ. ಬುರುಡೆ ಅಂಗಿಯೊಳಗೆ, ಮೈಯ ಬಿಸಿಯಲ್ಲಿ. ತಿನ್ನಲು ಅಗಿದು ಮೆತ್ತಗೆ ಮಾಡಿದ ಚೆಸ್ಟ್‌ನಟ್. ಹಲ್ಲು ಬಾರದ ಕೂಸಿಗೆ ಅಜ್ಜಿ ಅಗಿದು ಕೊಟ್ಟ ಹಾಗೆ!

ಅಮೆರಿಕದಲ್ಲಿ ಹಾಡು ಯಾರಿಗೂ ಬೇಕಾಗಲಿಲ್ಲ. 20ನೇ ಶತಮಾನದಲ್ಲಿ ಮೊದಲು ಮೀನಿನ ಗಾಳಕ್ಕೆಂದು, ಆಮೇಲೆ ಸಾಕಿದ ಹಲ್ಲಿ, ಓತಿಗಳ ಊಟಕ್ಕೆಂದು ಅಲ್ಲಿ ಜೀರುಂಡೆಗಳನ್ನು ಲಕ್ಷಗಟ್ಟಲೆ ಬೆಳೆಸತೊಡಗಿದರು. ಅಲ್ಲಿರುವ ನನ್ನ ಮೊಮ್ಮಗನೂ ಮೈತುಂಬ ಚುಕ್ಕೆಯ 'ಲೆಪರ್ಡ್ ಗೆಕೋ' ಎಂಬ ಹಲ್ಲಿ ಸಾಕಿದ್ದಾನೆ. ಹಲ್ಲಿ ಲೊಚಗುಟ್ಟಿದರೆ 'ಕೃಷ್ಣ ಕೃಷ್ಣ' ಎನ್ನುವ ನನಗೆ ಅವನೇ ಗುರು. "ಅಜ್ಜಿ, ಮೊದಲು ಹುಳುವಿಗೆ ಊಟ, ಆಮೇಲೆ ಹಲ್ಲಿಗೆ" ಎಂದ.

ಅವನ ಪಾಠ ಹೀಗೆ. ಗಾಳಿಯಾಡುವ ಡಬ್ಬ ಬೇಕು. ಅಡಗಿಕೊಳ್ಳಲು ಮೊಟ್ಟೆ ಇಡುವ ರಟ್ಟಿನ ತಟ್ಟೆಗಳು. ಶಾಖ 27ರಿಂದ 32 ಡಿಗ್ರಿ. ನೀರನ್ನು ಬಟ್ಟಲಲ್ಲಿಟ್ಟರೆ ಮುಳುಗಿ ಸಾಯುತ್ತವೆ. ಒದ್ದೆ ಸ್ಪಂಜೋ, ಕ್ಯಾರೆಟ್ ತುಂಡೋ ಸಾಕು. ಗಲೀಜು ಕೂಡಿದರೆ ಅದರಿಂದೇಳುವ ಅಮೋನಿಯವೇ ಅವಕ್ಕೆ ವಿಷ. ಹಸಿದರೆ ಒಂದನ್ನೊಂದು ತಿನ್ನುತ್ತವೆ.

ಮುಖ್ಯವಾದದ್ದು ಸುಣ್ಣದ ಅಂಶ. ಹುಳುವಿಗೆ ಮೂಳೆಯಿಲ್ಲ, ಹಾಗಾಗಿ ಅದರ ಮೈಯಲ್ಲಿ ಕ್ಯಾಲ್ಸಿಯಂ ತೀರ ಕಡಿಮೆ. ಬರೀ ಅದನ್ನೇ ತಿಂದ ಹಲ್ಲಿಯ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಅದಕ್ಕೇ ಒಂದೆರಡು ದಿನ ಮೊದಲೇ ಹುಳುವಿಗೆ ಕ್ಯಾಲ್ಸಿಯಂ ಸೇರಿಸಿದ ಆಹಾರ ತಿನ್ನಿಸಿ, ಕೊಡುವಾಗ ಮೇಲೆ ಅದರದೇ ಪುಡಿ ಉದುರಿಸುತ್ತಾರೆ.

ಒತ್ತಿ ತುಂಬಿ ಬೆಳೆಸಿದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. 1977ರಲ್ಲಿ ಯುರೋಪಿನ ಸಾಕಣೆಯಲ್ಲಿ ಮೊದಲು ಗುರುತಿಸಿದ ಡೆನ್ಸೊವೈರಸ್ ಎಂಬ ರೋಗಾಣು 2009-10ರಲ್ಲಿ ಅಮೆರಿಕಕ್ಕೂ ನುಗ್ಗಿತು. ಹುಳುಗಳು ಕಾಲು ಬಿದ್ದು ಅಂಗಾತ ಮಲಗಿ ರಾಶಿರಾಶಿಯಾಗಿ ಸತ್ತವು. ವರ್ಷಗಳಿಂದ ನಡೆದ ಸಾಕಣೆಗಳೇ ಬಾಗಿಲು ಮುಚ್ಚಿದವು.

ಹಾಡಿಗೆ, ಜೂಜಿಗೆ, ಊಟಕ್ಕೆ, ಯಾವುದಕ್ಕೆ ಸಾಕಿದರೂ ನಮ್ಮ ಲಾಭಕ್ಕೇ ಸಾಕಿದೆವು. ಆದರೂ ಆರೈಕೆ ತಪ್ಪಿದರೆ ಆ ಲಾಭವೂ ಇಲ್ಲ. ಅನ್ನವಾಗುವ ಜೀವ ಹಸಿದಿದ್ದರೆ ಉಣ್ಣುವ ಜೀವಕ್ಕೂ ಬಲವಿಲ್ಲ. ಹತ್ತು ವರ್ಷದ ಹುಡುಗನಿಗೆ ತಿಳಿದ ಈ ಲೆಕ್ಕ, ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯ ತಳ ಕೆರೆದು ಉಣ್ಣುವ ಹೆಂಗಸರಿರುವ ನಮ್ಮ ಮನೆಗಳಿಗೆ ತಿಳಿಯುವುದು ಯಾವಾಗ?